ಇಪ್ಪತ್ತೆಂಟನೆಯ ದಿನದವರೆಗೆ ಎರ್ರೆಮ್ಮನ ಕಾವಲು

ಆ ಮಂಗಳವಾರ ಬೆಳಗ್ಗೆ ಏಳಕ್ಕೆ ನನ್ನ ತಮ್ಮ ಜಂಬುನಾಥ ತೀರಿಕೊಂಡ ಸುದ್ದಿ ಬಂತು. ಮರಳಿನ ಮಾದರಿ ತರಲು ಕಂಪ್ಲಿಗೆ ಮೊದಲ ಬಸ್ಸು ಹತ್ತಿದವನು ಕುಳಿತಲ್ಲಿಯೇ ಎದೆ ಹಿಡಿದುಕೊಂಡನಂತೆ. ಅವನು ಕೆಲಸ ಮಾಡುತ್ತಿದ್ದ ಹೊಸಪೇಟೆಯ ಪ್ರಯೋಗಾಲಯಕ್ಕೆ ತಿಳಿಸಲು ಹೋದಾಗ ಎರ್ರೆಮ್ಮ ನೀರಿನ ತೊಟ್ಟಿಯಲ್ಲಿ ಪರೀಕ್ಷೆಗೆ ಅಚ್ಚು ಹಾಕಿದ ಕಾಂಕ್ರೀಟಿನ ಕ್ಯೂಬುಗಳನ್ನು ಜೋಡಿಸುತ್ತಿದ್ದರು. ಕೇಳಿದ ಮೇಲೂ ಕೈ ಹೊರಗೆ ತೆಗೆಯಲಿಲ್ಲ. “ಜಂಬಣ್ಣ ಹಾಕಿದ ಕ್ಯೂಬಿಗೆ ಇವತ್ತಿಗೆ ಒಂಬತ್ತು ದಿನ ಆತ್ರಿ,” ಎಂದಷ್ಟೇ ಅಂದರು.

ನಗರಸಭೆಯ ಕಾಮಗಾರಿಗಳ ಸಿಮೆಂಟು, ಮರಳು, ಕಾಂಕ್ರೀಟು ಪರೀಕ್ಷಿಸುವ ಗುತ್ತಿಗೆ ಈ ಪ್ರಯೋಗಾಲಯದ್ದು. ಬುಕ್ಕಸಾಗರದ ಎರ್ರೆಮ್ಮ ಇಲ್ಲಿ ಹನ್ನೊಂದು ವರ್ಷಗಳಿಂದ ದುಡಿಯುತ್ತಾರೆ. ಒಂದು ಕ್ಯೂಬು ಎಂಟು ಕಿಲೋ. ದಿನಕ್ಕೆ ನಲವತ್ತನ್ನಾದರೂ ಎತ್ತಿ ಇಳಿಸುತ್ತಾರೆ. ಸಿಮೆಂಟು ತಾಗಿ ತಾಗಿ ಬೆರಳಿನ ಗೆರೆಗಳು ಅಳಿಸಿಹೋಗಿವೆ. ರೇಷನ್ ಅಂಗಡಿಯ ಯಂತ್ರ ಅವರ ಹೆಬ್ಬೆಟ್ಟನ್ನು ಗುರುತಿಸುವುದಿಲ್ಲ.

ನನ್ನ ತಮ್ಮ ಕೊನೆಯದಾಗಿ ಹಾಕಿದ್ದು ಒಂದು ಅಂಗನವಾಡಿಯ ಕಂಬಗಳಿಗೆ ಬಳಸಿದ ಕಾಂಕ್ರೀಟಿನ ಮೂರು ಕ್ಯೂಬು. ಇಪ್ಪತ್ತೆಂಟು ದಿನ ನೀರಿನಲ್ಲಿಟ್ಟು ಆಮೇಲೆ ಒಡೆದು ನೋಡಬೇಕು. ಗಟ್ಟಿಯಿದ್ದರೆ ಮಾತ್ರ ಛಾವಣಿ. ಆದರೆ ಇಪ್ಪತ್ತನೆಯ ದಿನಕ್ಕೆ ಗುತ್ತಿಗೆಯ ಅವಧಿ ಮುಗಿಯಿತು. ಮುಂದುವರಿಸುವ ಕಡತ ಅಲುಗಲಿಲ್ಲ. ಮಾಲೀಕರು ಎಲ್ಲರನ್ನೂ ಮನೆಗೆ ಕಳಿಸಿದರು. ಎರ್ರೆಮ್ಮ ಮಾತ್ರ ಬೀಗದ ಕೈ ಕೇಳಿ ಪಡೆದು ದಿನವೂ ಬಂದು ತೊಟ್ಟಿಯ ನೀರು ನೋಡಿಕೊಂಡರು. “ನೀರು ತಪ್ಪಿದ್ರ ಕ್ಯೂಬು ಸುಳ್ಳು ಹೇಳ್ತಾವ್ರಿ,” ಎನ್ನುತ್ತಾರೆ.

ಒಂದು ದಿನ ಅಂಗನವಾಡಿ ಕೆಲಸದ ಮೇಸ್ತ್ರಿ ಬಂದ.

“ಸತ್ತೋನ ಕ್ಯೂಬು ಯಾಕ ಕಾಯ್ತಿ ಎರ್ರವ್ವಾ? ಮೂರು ಮಸ್ತ್ ಕ್ಯೂಬು ನಾನಾ ತಂದು ಕೊಡ್ತೀನಿ, ಅವುಗಳ್ನ ಒಡೆದುಬಿಡು.”

“ನಿನ್ನ ಮಸ್ತ್ ಕ್ಯೂಬು ನಿನ್ನ ಬಚ್ಚಲಿಗೆ ಹಾಕ್ಕೋ. ಜಂಬಣ್ಣನ ಕೈ ಎಲ್ಲಿಂದ ತರ್ತಿ?”

ಹಸಿ ಕಾಂಕ್ರೀಟಿನ ಮೇಲೆ ಮೊಳೆಯಿಂದ ತಾರೀಖು ಗೀಚಿ, ಪಕ್ಕದಲ್ಲಿ ವಿಭೂತಿಯಂತೆ ಮೂರು ಗೆರೆ ಎಳೆಯುವುದು ತಮ್ಮನ ರೂಢಿ. ಅದನ್ನು ಎರ್ರೆಮ್ಮ ಬಲ್ಲರು.

ಇಪ್ಪತ್ತಾರನೆಯ ದಿನ ಗುತ್ತಿಗೆಯನ್ನು ಮೂರು ತಿಂಗಳಿಗೆ ವಿಸ್ತರಿಸಿದ ಆದೇಶ ಬಂತು. ಇಪ್ಪತ್ತೆಂಟನೆಯ ದಿನ ಬೆಳಗ್ಗೆ ನಗರಸಭೆಯ ಎಂಜಿನಿಯರ್ ಎದುರಿಗೆ ಎರ್ರೆಮ್ಮ ಕ್ಯೂಬುಗಳನ್ನು ಒರೆಸಿ ಒಂದೊಂದಾಗಿ ಯಂತ್ರಕ್ಕೆ ಇಟ್ಟರು. ಚದರ ಮಿಲಿಮೀಟರಿಗೆ ಇಪ್ಪತ್ತು ನ್ಯೂಟನ್ ಒತ್ತಡ ತಾಳಬೇಕಾದವು ಹನ್ನೆರಡು, ಹದಿಮೂರು, ಹನ್ನೆರಡಕ್ಕೇ ಒಡೆದವು. ಎಂಜಿನಿಯರ್ ಬರೆದುಕೊಂಡರು. ಛಾವಣಿ ಹಾಕುವ ಕೆಲಸ ನಿಂತಿತು, ಕಂಬಗಳನ್ನು ಕೆಡವಬೇಕೆಂದು ಆದೇಶವಾಗಿದೆ.

“ಕಾಂಕ್ರೀಟಿಗೆ ನೀರು ಭಾಳ ಕಲಸ್ಯಾರ ಅಂತ ಜಂಬಣ್ಣ ಅವತ್ತ ಅಂದಿದ್ದ ನೋಡ್ರಿ. ಕೂಸುಗಳು ಕುಂದ್ರೋ ಜಾಗ,” ಎಂದು ಎರ್ರೆಮ್ಮ ಪುಡಿಯನ್ನು ಗುಡಿಸುತ್ತಾರೆ. ಮೂರು ತಿಂಗಳ ನಂತರ ಅವರಿಗೆ ಕೆಲಸವಿರುತ್ತದೆಯೋ ಇಲ್ಲವೋ ಯಾರೂ ಹೇಳಿಲ್ಲ. “ನಾ ಏನು ಕೇಳಂಗಿಲ್ರಿ. ಯಾರರ ಈ ತೊಟ್ಟಿ ನೋಡೋರು ಇದ್ರ ಸಾಕು.”

ಹಂಪಿಯ ವಿರೂಪಾಕ್ಷನೇ, ದುಡಿದು ದಣಿದು ಬಂದ ನನ್ನ ತಮ್ಮನನ್ನು ನಿನ್ನ ಪಾದದ ಬಳಿ ಸೇರಿಸಿಕೋ. ಅವನಿಗೆ ಶಾಂತಿ ಕೊಡು.