ಹೊನ್ನಿನ ಕಡೆಗೆ ಇಟ್ಟ ಗಂಧ

ಎರಡು ವರ್ಷದ ಹಿಂದಿನ ಆಯುಧಪೂಜೆ. ಆ ಹಬ್ಬ ಎಂದರೆ ಎಲ್ಲರಿಗೂ ಪುರಿ-ಕಡಲೆ ನೆನಪಾಗುತ್ತದೆ. ನನಗೆ ಮಾತ್ರ ಕಪ್ಪು ಪರದೆಯ ಮೇಲೆ ಕೆಂಪಕ್ಷರದಲ್ಲಿ ಬಂದು ನಿಲ್ಲುತ್ತಿದ್ದ ಒಂದು ಸಾಲು ನೆನಪಾಗಿ ಈಗಲೂ ಮೈ ಉರಿಯುತ್ತದೆ.

ನನ್ನ ತವರು ಮಾರ್ಕಯನ್‌ಕೋಟ್ಟೈ, ಕೊಟ್ಟ ಊರು ಕಂಬಂ, ಎರಡೂ ತಮಿಳುನಾಡಿನ ತೇನಿ ಕಡೆಯವು. ಎರಡೂ ಮನೆಯಲ್ಲಿ ಒಳಗೆ ಕನ್ನಡ, ಬಾಗಿಲು ದಾಟಿದರೆ ತಮಿಳು. ಕನ್ನಡ ಓದಲು ಬರೆಯಲು ಕಲಿತದ್ದು ಚಾಮರಾಜನಗರದ ಸೋದರತ್ತೆಯ ಮನೆಯಲ್ಲಿದ್ದಾಗ. ತೇನಿಯಲ್ಲಿ ಕಂಪ್ಯೂಟರ್ ಓದಿದ್ದೆ. ಮದುವೆಯಾದ ಮೇಲೆ ಆ ಓದು ಅಟ್ಟದ ಮೇಲಿನ ಹಂಡೆಯ ಹಾಗಾಯಿತು. ಇತ್ತು, ಇಳಿಸುವವರಿರಲಿಲ್ಲ. ನಮ್ಮ ಮನೆಯವರಿಗೆ ದ್ರಾಕ್ಷಿ ವ್ಯಾಪಾರ. ಅವರ ಪರಿಚಯದಿಂದಲೇ ನನಗೆ ಮೊದಲ ಸ್ವಂತ ಕೆಲಸ ಸಿಕ್ಕಿತು.

ದಿಂಡಿಗಲ್‌ನಲ್ಲಿ ಬೀಗದ ವ್ಯಾಪಾರಿಯೊಬ್ಬರು ವಿಜಯದಶಮಿಯ ಬೆಳಿಗ್ಗೆ ಹೊಸ ಅಂಗಡಿ ತೆರೆಯುವವರಿದ್ದರು. ಅಂಗಡಿಯ ಗೋಡೆಗೆ ಆರು ಟಿ.ವಿ. ಪ್ರತಿಯೊಂದರ ಹಿಂದೆ ಅಂಗೈಯಗಲದ ಒಂದು ಪುಟ್ಟ ಕಂಪ್ಯೂಟರ್. ಅವರು ಕೇಳಿದ್ದು ಇಷ್ಟೇ: "ಸ್ವಿಚ್ ಹಾಕಿದರೆ ಪೂಟ್ಟು ಕಾಣಬೇಕಮ್ಮಾ. ಬೇರೆ ಒಂದೂ ಕಾಣಬಾರದು." ಪೂಟ್ಟು ಎಂದರೆ ಅವರ ಕಡೆ ಬೀಗ.

ಹೇಳುವುದು ಸುಲಭ. ಅಂಥ ಕಂಪ್ಯೂಟರಿಗೆ ಸಿಗುವ ಸಿದ್ಧ ಆಪರೇಟಿಂಗ್ ಸಿಸ್ಟಮ್ ಸುಮ್ಮನೆ ಏಳುವುದಿಲ್ಲ. ನೀನು ಯಾರು ಎನ್ನುತ್ತದೆ, ಪಾಸ್‌ವರ್ಡ್ ಏನು ಎನ್ನುತ್ತದೆ, ಹೊಸದೇನೋ ಬಂದಿದೆ ಹಾಕಿಕೊಳ್ಳಲೇ ಎನ್ನುತ್ತದೆ. ಬೀಗ ಕೊಳ್ಳಲು ಬಂದವರ ಎದುರು ಇಷ್ಟೆಲ್ಲ ಬೇಕೆ? ಅದಕ್ಕೆ ನಮಗೆ ಬೇಕಾದ್ದನ್ನಷ್ಟೇ ಇಟ್ಟು ಹೊಸ ಸಿಸ್ಟಮ್ ಕಟ್ಟಬೇಕು. ಆ ಕೆಲಸಕ್ಕೆಂದೇ ಒಂದು ಟೂಲ್ ಇದೆ. ಅದಕ್ಕೆ ಬಟನ್ ಇಲ್ಲ, ಚಿತ್ರ ಇಲ್ಲ. ಯಾವ ಯಾವ ಸಾಮಾನು ಹಾಕಬೇಕೆಂದು ಒಂದು ಫೈಲಿನಲ್ಲಿ ಬರೆದಿಟ್ಟು, ಕಪ್ಪು ಪರದೆಯಲ್ಲಿ ಒಂದು ಸಾಲು ಕಮಾಂಡ್ ಕೊಟ್ಟರೆ, ಅದೇ ಎಲ್ಲವನ್ನೂ ನೆಟ್ಟಿನಿಂದ ತಂದು ಜೋಡಿಸಿ ಕೊನೆಗೆ ಇಮೇಜ್ ಎಂಬ ಒಂದೇ ದೊಡ್ಡ ಫೈಲು ಮಾಡಿಕೊಡುತ್ತದೆ. ಅದನ್ನು ಉಗುರಿನಗಲದ ಮೆಮೊರಿ ಕಾರ್ಡಿಗೆ ಬರೆದು ಪುಟ್ಟ ಕಂಪ್ಯೂಟರಿಗೆ ಸಿಕ್ಕಿಸಿದರೆ ಆಯಿತು.

ಆಯಿತು ಎಂದೆನಲ್ಲ, ಆಗಲಿಲ್ಲ. ಆ ಟೂಲಿಗೆ ಒಂದು ಕೆಟ್ಟ ಗುಣ. ತಪ್ಪಿದ್ದರೆ ಮೊದಲೇ ಹೇಳುವುದಿಲ್ಲ. ಗಂಟೆಗಟ್ಟಲೆ ಸಾಲು ಸಾಲಾಗಿ ಏನೇನೋ ಓಡಿಸಿ, ಇನ್ನೇನು ಮುಗಿಯಿತು ಎಂದು ನಾನು ಕಾಫಿ ಲೋಟ ಕೈಗೆತ್ತಿಕೊಳ್ಳುವ ಹೊತ್ತಿಗೆ "ವಿಫಲ" ಎಂದು ಕೂತುಬಿಡುತ್ತಿತ್ತು. ಒಂದು ಸಲ ಜಾಗ ಸಾಲದು. ಇನ್ನೊಂದು ಸಲ ಯಾವುದೋ ಸಾಮಾನು ಸಿಗಲಿಲ್ಲ. ಎಲ್ಲ ಸರಿಹೋಯಿತು ಅನ್ನುವಾಗ ಕಂಬಂ ಕಣಿವೆಯ ಗಾಳಿಗೆ ಕರೆಂಟು ಹೋಯಿತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ಆ ಜೋಡಿ ನಮ್ಮ ಮನೆಯ ನೆಟ್ಟು ಮತ್ತು ಕರೆಂಟು.

ಇದರ ಮೇಲೆ ನಮ್ಮ ಅತ್ತೆ. ಹೊಲದಲ್ಲೇ ಬೆಳೆದ ಹೆಂಗಸು, ಕೈ ಸುಮ್ಮನಿದ್ದದ್ದು ನಾನು ನೋಡಿಲ್ಲ. ಬಾಗಿಲಲ್ಲಿ ನಿಂತು ಪರದೆ ನೋಡಿ, "ಏನ್ ತಾಯೀ, ಒಂದ್ ಪಟವೂ ಬರ್ಲಿಲ್ವಲ್ಲ. ಕರ್ರಗೆ ಇರೋದ್ನ ನೋಡ್ತಾ ಕುಂತ್ರೆ ಅದ್ ಯಾವ್ ವೇಲೆ?" ಎಂದರು. ವೇಲೆ ಎಂದರೆ ಕೆಲಸ.

"ಒಳಗೆ ನಡೀತಾ ಅದೆ ಅತ್ತೆ."

"ಒಳಗೆ ನಡೀತಾ ಇದ್ರೆ ನೀ ಯಾಕೆ ಹೊರ್ಗೆ ಕುಂತಿದ್ದೀಯೆ? ಬಾ, ಕಾಯಿ ತುರಿ."

ನಾನು ಹಲ್ಲು ಕಚ್ಚಿ ಕಾಯಿ ತುರಿದೆ. ಈ ಮನೆಯಲ್ಲಿ ಕತ್ತರಿ ಹಿಡಿದರೆ ಕೆಲಸ, ತಕ್ಕಡಿ ಹಿಡಿದರೆ ಕೆಲಸ, ನನ್ನದು ಮಾತ್ರ ಆಟ ಎಂದು ಹೊಟ್ಟೆಯುರಿಯಿತು. ಬೀಗದ ವ್ಯಾಪಾರಿ ಮೊದಲೇ ಹೇಳಿದ್ದರು, ಇದು ಚೆನ್ನಾಗಿ ಬಂದರೆ ಅವರ ಉಳಿದ ಅಂಗಡಿಗಳ ಕೆಲಸವೂ ನನಗೆ, ಬಾರದಿದ್ದರೆ ಮಧುರೈನವರಿಗೆ. ಈ ಒಂದು ಕೆಲಸ ಕೈತಪ್ಪಿದರೆ ಹಂಡೆ ಮತ್ತೆ ಅಟ್ಟಕ್ಕೇ ಎಂದು ನನಗೆ ಗೊತ್ತಿತ್ತು.

ಕೊನೆಗೆ ಹಬ್ಬದ ಹಿಂದಿನ ದಿನ ಇಮೇಜ್ ಆಯಿತು. ನಮ್ಮ ಮನೆಯ ಟಿ.ವಿ.ಗೆ ಹಾಕಿ ನೋಡಿದೆ. ಒಂದು ಮಾತೂ ಕೇಳದೆ ಎದ್ದು ದೊಡ್ಡದೊಂದು ಹಿತ್ತಾಳೆ ಬೀಗ ತೋರಿಸಿತು. ಖುಷಿಗೆ ಒಬ್ಬಳೇ ಚಪ್ಪಾಳೆ ಹೊಡೆದೆ. ಹಬ್ಬದ ಬೆಳಿಗ್ಗೆ ಆರೂ ಕಾರ್ಡಿಗೆ ಬರೆದು, ಒಂದು ತಟ್ಟೆಯಲ್ಲಿಟ್ಟು ಸ್ನಾನಕ್ಕೆ ಹೋದೆ.

ನಾನು ಬರುವಷ್ಟರಲ್ಲಿ ಅತ್ತೆ ಪೂಜೆಗೆ ಅಣಿ ಮಾಡಿದ್ದರು. ಕುಡುಗೋಲು, ದ್ರಾಕ್ಷಿ ಗೊಂಚಲು ಕತ್ತರಿಸುವ ಕತ್ತರಿ, ತಕ್ಕಡಿ, ಅವುಗಳ ಪಕ್ಕ ನನ್ನ ಲ್ಯಾಪ್‌ಟಾಪು. ಎಲ್ಲದಕ್ಕೂ ಗಂಧ, ಕುಂಕುಮ. ಲ್ಯಾಪ್‌ಟಾಪಿನ ಮುಚ್ಚಳದ ಮೇಲೆ ಅಚ್ಚುಕಟ್ಟಾದ ಬೊಟ್ಟು ನೋಡಿ ನಗು ಬಂತು. ಕಾರ್ಡಿನ ತಟ್ಟೆಯೂ ಅಲ್ಲೇ ಇತ್ತು, ಮೇಲೆ ಹೂವು ತುಂಬಿತ್ತು. ಪೂಜೆಗಿಟ್ಟ ಆಯುಧವನ್ನು ಮರುದಿನದವರೆಗೆ ಮುಟ್ಟುವಂತಿಲ್ಲ. ನಾನೂ ಮುಟ್ಟಲಿಲ್ಲ. ಮುಟ್ಟಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ವಿಜಯದಶಮಿಯ ಮುಂಜಾನೆ ಅತ್ತೆ ಮರುಪೂಜೆ ಮುಗಿಸಿ ಕಾರ್ಡುಗಳನ್ನು ಒಂದು ಸ್ಟೀಲ್ ಡಬ್ಬಿಯಲ್ಲಿ ಹಾಕಿಕೊಟ್ಟರು. "ಪರರ ಮನೆಗೆ ಹೋಗೋದು, ಸೆರಗಿನಾಗೆ ನಲ್ಲಾ ಒರಸಿವ್ನಿ" ಎಂದರು. ನಲ್ಲಾ ಎಂದರೆ ಚೆನ್ನಾಗಿ. ಏನನ್ನು ಒರೆಸಿದಿರಿ ಎಂದು ಆಗ ಕೇಳುವ ಬುದ್ಧಿ ನನಗೆ ಬರಲಿಲ್ಲ. ದಿಂಡಿಗಲ್ ಬಸ್ಸು ಹತ್ತಿದೆ.

ಅಂಗಡಿಯ ಮುಂದೆ ಬಾಳೆಕಂಬ, ಒಳಗೆ ಪೂಜೆಯ ಐಯರು, ಬಂದ ನೆಂಟರು. ಗೋಡೆಯ ತುಂಬ ಬೀಗಗಳಿಗೂ ಗಂಧದ ಬೊಟ್ಟು. ನಾನು ಆರು ಕಾರ್ಡು ಸಿಕ್ಕಿಸಿ ಸ್ವಿಚ್ ಹಾಕಿದೆ. ಆರು ಟಿ.ವಿ.ಯೂ ಕಪ್ಪು. ಆರಿಸಿ ಹಾಕಿದೆ. ಕಪ್ಪು. ವ್ಯಾಪಾರಿ ಕೈಕಟ್ಟಿ ನಿಂತರು.

"ಎನ್ನಮ್ಮಾ ಇದು? ರಾಹುಕಾಲ ಬರೋದರೊಳಗೆ ಪೂಸೆ ಮುಗೀಬೇಕು."

"ಒಂದು ನಿಮಿಷ ಅಣ್ಣಾ."

ಮನೆಯ ಟಿ.ವಿ.ಯಲ್ಲಿ ನೋಡಿದ ಮೇಲೆ, ಹಬ್ಬದ ಹಿಂದಿನ ಸಂಜೆ, ಪರದೆಯ ಅಳತೆಯ ಒಂದು ಸಾಲು ಬದಲಿಸಿದ್ದೆ. ಅದೇ ಪಾಪ ಎಂದುಕೊಂಡೆ. ಗಲ್ಲಾ ಮೇಜಿನ ಮೂಲೆಯಲ್ಲಿ ಲ್ಯಾಪ್‌ಟಾಪ್ ತೆರೆದು, ಆ ಸಾಲು ತೆಗೆದು, ಮತ್ತೆ ಕಮಾಂಡ್ ಕೊಟ್ಟೆ. ಮೊದಲು ತಂದ ಸಾಮಾನು ಉಳಿದಿದ್ದರಿಂದ ಈ ಸಲ ಅಷ್ಟು ಹೊತ್ತು ಹಿಡಿಯಲಾರದು. ಆದರೂ ಓಡುವ ಸಾಲುಗಳನ್ನೊಮ್ಮೆ, ಗಡಿಯಾರವನ್ನೊಮ್ಮೆ ನೋಡುತ್ತ ಕೂತೆ. ಹಿಂದೆ ಯಾರೋ ನೆಂಟರು, "ಮಧುರೈ ತಂಬಿಯನ್ನೇ ಕರೆದಿದ್ದರೆ ಆಗುತ್ತಿತ್ತು" ಎಂದದ್ದು ಕೇಳಿಸಿತು. ಕೇಳಿಸಲಿ ಎಂದೇ ಹೇಳಿದ್ದರು. ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಟೂಲಿನ ಮೇಲೆ, ಅದನ್ನು ಮಾಡಿದವರ ಮೇಲೆ, ನನ್ನನ್ನು ಓದಿಸಿದ ಅಪ್ಪನ ಮೇಲೆ ಕೂಡ.

ಜನ್ಮದಲ್ಲಿ ಮೊದಲ ಸಲ ಆ ಟೂಲು ಒಂದೇ ಏಟಿಗೆ "ಮುಗಿಯಿತು" ಎಂದಿತು. ಕಾರ್ಡು ತೆಗೆದು ಲ್ಯಾಪ್‌ಟಾಪಿಗೆ ಹಾಕಿದೆ. ಲ್ಯಾಪ್‌ಟಾಪು, ಕಾರ್ಡೇ ಇಲ್ಲ ಎಂದಿತು. ಇನ್ನೊಂದು ಹಾಕಿದೆ. ಅದೂ ಇಲ್ಲ. ಕೈಯಲ್ಲಿ ಹಿಡಿದಿದ್ದೇನೆ, ಇಲ್ಲ ಅನ್ನುತ್ತದೆ! ಏನಾದರೂ ಮುರಿದಿದೆಯೇ ಎಂದು ಕಾರ್ಡನ್ನು ಕಣ್ಣಿನ ಹತ್ತಿರ ತಂದೆ. ಕಣ್ಣಿಗೆ ಏನೂ ಕಾಣಲಿಲ್ಲ. ಮೂಗಿಗೆ ಗಮ್ಮೆಂದು ಗಂಧದ ವಾಸನೆ ಬಡಿಯಿತು.

ಅಲ್ಲೇ ಅತ್ತೆಗೆ ಫೋನ್ ಮಾಡಿದೆ. "ಅತ್ತೆ, ಆ ಪುಟಾಣಿ ಕಾರ್ಡಿಗೂ ಗಂಧ ಇಟ್ರಾ?"

"ಇಕ್ದೆ ಬಿಡ್ತೀನಾ? ಒಂದೊಂದ್ಕೂ ಇಕ್ಕಿವ್ನಿ. ಹೊನ್ನಿನ ಗೀಟು ಅದೆ ನೋಡು, ಅದು ತಾನೆ ಅದ್ರ ಮುಖ? ಅಲ್ಲಿಗೆ ಇಕ್ದೆ."

ಕಾರ್ಡಿನ ಹಿಂದೆ ಚಿನ್ನದ ಬಣ್ಣದ ಪುಟ್ಟ ಗೀಟುಗಳಿರುತ್ತವೆ. ಕಂಪ್ಯೂಟರ್ ಕಾರ್ಡನ್ನು ಮುಟ್ಟುವುದು ಅಲ್ಲೇ, ಅಲ್ಲಿ ಮಾತ್ರ. ಅತ್ತೆ ಬೇರೆ ಜಾಗವನ್ನೆಲ್ಲ ಬಿಟ್ಟು ಅದನ್ನೇ ಆರಿಸಿ ಗಂಧ ಬಳಿದಿದ್ದರು. ಒರೆಸಿದ್ದರಿಂದ ಕುಂಕುಮ ಹೋಗಿತ್ತು, ಗಂಧದ ತೆಳು ಪದರ ಒಣಗಿ ಅಂಟಿಕೊಂಡಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ನನ್ನ ಪಾಲಿಗೆ ಆ ಪೂಜಾರಿ ಮನೆಯಲ್ಲೇ ಇದ್ದರು.

"ಅತ್ತೆ, ಅದಕ್ಕೆಲ್ಲ ಯಾಕೆ ಇಡೋಕೆ ಹೋದ್ರಿ!" ಎಂದು ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡುವ ಹಾಗೆ ಕೂಗಿದೆ.

ಅತ್ತೆ, "ಯಾಕೆ ಅಂದ್ರೆ? ಅದು ನಿನ್ ಆಯುದ ಅಲ್ವಾ ತಾಯೀ?" ಎಂದರು.

ಫೋನಿಟ್ಟು ಪಕ್ಕದ ಫ್ಯಾನ್ಸಿ ಸ್ಟೋರಿಗೆ ಓಡಿ ಪೆನ್ಸಿಲ್ ಅಳಿಸುವ ರಬ್ಬರ್ ತಂದೆ. ಒಂದೊಂದೇ ಕಾರ್ಡಿನ ಗೀಟು ಉಜ್ಜಿ, ಹತ್ತಿಯಲ್ಲಿ ಒರೆಸಿ, ಹಾಗೇ ಮತ್ತೆ ಸಿಕ್ಕಿಸಿದೆ. ಹಳೆಯ ಇಮೇಜಿಗೆ ಏನೂ ಆಗಿರಲಿಲ್ಲ, ಪಾಪ. ಸುಮ್ಮನೆ ಬೈಸಿಕೊಂಡಿತ್ತು. ಐಯರು ಕರ್ಪೂರ ಹಚ್ಚುವಾಗ ನಾಲ್ಕು ಟಿ.ವಿ.ಯಲ್ಲಿ ಬೀಗ ಬಂತು. ಉಳಿದೆರಡು ಹಟ ಹಿಡಿದು ನೆಂಟರ ಊಟದ ಹೊತ್ತಿಗೆ ಬಂದವು.

ವ್ಯಾಪಾರಿಗೆ ನಡೆದದ್ದನ್ನು ಹೇಳಿದೆ. ಅವರು ಬೈಯುತ್ತಾರೆ ಅಂದುಕೊಂಡರೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ನಮ್ಮ ಮನೆಗೆ ಸೊಸೆ ಬಂದರೆ ಮೊದಲು ಹೇಳಿಕೊಡೋದೇ ಇದಮ್ಮಾ. ಪೂಟ್ಟಿಗೆ ಸಂದನ ಇಕ್ಕು, ಚಾವಿ ಹಾಕೋ ತೂತಿಗೆ ಇಕ್ಕಬೇಡ. ನಿಮ್ಮ ಅತ್ತೆಗೆ ತೂತು ಯಾವುದು ಅಂತ ನೀನು ಹೇಳಿಕೊಟ್ಟಿದ್ದೆಯಾ?" ಎಂದರು.

ಹೇಳಿಕೊಟ್ಟಿರಲಿಲ್ಲ. ಆ ವ್ಯಾಪಾರಿಯ ಉಳಿದ ಅಂಗಡಿಗಳ ಕೆಲಸ ಈಗಲೂ ನನ್ನ ಹತ್ತಿರವೇ ಇದೆ. ಆ ಟೂಲು ಈಗಲೂ ಕೊನೆಯ ಗಳಿಗೆಯಲ್ಲೇ ಕೈಕೊಡುತ್ತದೆ.

ಮರುವರ್ಷದ ಆಯುಧಪೂಜೆಗೆ ನಾನು ಜಾಣತನ ಮಾಡಿದೆ. ಒಳ್ಳೆಯ ಕಾರ್ಡುಗಳನ್ನೆಲ್ಲ ಬೀರುವಿನಲ್ಲಿ ಬಚ್ಚಿಟ್ಟು, ಕೆಟ್ಟುಹೋದ ಒಂದನ್ನು ತಟ್ಟೆಯಲ್ಲಿಟ್ಟೆ. ಅತ್ತೆ ಗಂಧದ ಬೆರಳು ಎತ್ತಿದವರು ನಿಲ್ಲಿಸಿ, "ಇದು ವೇಲೆ ಮಾಡೋದು ತಾನೆ?" ಎಂದರು. ಕೆಟ್ಟದ್ದೆಂದು ಒಪ್ಪಿಕೊಂಡೆ. "ಮುರಿದ ಕುಡ್ಗೋಲಿಗೆ ಪೂಸೆ ಮಾಡ್ತಾರಾ? ನಲ್ಲಾ ಇರೋದ್ನ ತಕ್ಕೊಂಬಾ. ಮುಖ ಯಾವ್ದು ಅಂತ ನೀನೇ ತೋರ್ಸು, ಅಲ್ಲಿಗೇ ಇಕ್ತೀನಿ" ಎಂದು ತಟ್ಟೆ ನನ್ನ ಕಡೆ ತಳ್ಳಿದರು.

ಬೀರು ತೆಗೆದು, ಮರುದಿನ ದಿಂಡಿಗಲ್‌ಗೆ ಹೋಗಬೇಕಿದ್ದ ಕಾರ್ಡನ್ನೇ ತಂದು, ಹೊನ್ನಿನ ಗೀಟು ಕೆಳಗಾಗಿ, ಅಕ್ಷರ ಇರುವ ಕಡೆಯನ್ನು ಮೇಲೆ ಮಾಡಿ ಕುಡುಗೋಲಿನ ಪಕ್ಕ ಇಟ್ಟೆ.