ಚೈನಾ ಜನರೇಟರೂ ಅಕ್ಕನ ಮನೆಗಳೂ

ನಾನು ಮಾತಿನ ಮನುಷ್ಯನಲ್ಲ. ಹರೆಯವನ್ನೆಲ್ಲ ಮೀನಿನ ಗಾಡಿ ಓಡಿಸುವುದರಲ್ಲಿ ಕಳೆದವನು. ಗಂಗೊಳ್ಳಿಯಲ್ಲಿ ಮೀನಿಗೆ ಐಸ್ ಹಾಕಿ ಬಾಗಿಲು ಜಡಿದರೆ ಕೇರಳದಲ್ಲಿ ಇಳಿಸುವ ತನಕ ಬಾಯಿ ಬಿಡುವ ಅಗತ್ಯವೇ ಬೀಳುತ್ತಿರಲಿಲ್ಲ. ಆ ಕೆಲಸ ನನಗೆ ಹೇಳಿ ಮಾಡಿಸಿದ ಹಾಗಿತ್ತು. ಮದುವೆಯ ಪ್ರಸ್ತಾಪ ಬಂದಾಗಲೆಲ್ಲ ನಾನು ಗಾಡಿಯಲ್ಲಿರುತ್ತಿದ್ದೆ. ಕೊನೆಗೆ ಪ್ರಸ್ತಾಪ ಬರುವುದೂ ನಿಂತುಹೋಯಿತು.

ಅಕ್ಕ ಪೂರಾ ಉಲ್ಟಾ. ಭಾವ ಬೇಗ ಹೋದರು, ಮಕ್ಕಳಿಲ್ಲ. ಅವಳು ಮೀನಿನ ಬುಟ್ಟಿ ಹೊತ್ತುಕೊಂಡು ಬಸ್ಸು ಹತ್ತಿ ಊರೂರು ತಿರುಗಿದಳು. ಮೊದಮೊದಲು ಬೈಂದೂರಿನ ಕಡೆ, ಆಮೇಲೆ ಕೋಟೇಶ್ವರ, ತೆಕ್ಕಟ್ಟೆ, ಬ್ರಹ್ಮಾವರದ ತನಕ. ಗೇಟಿನ ಹೊರಗೆ ನಿಂತು "ಹ್ವಾಯ್ ಅಮ್ಮಾ" ಎಂದು ಒಮ್ಮೆ ಕೂಗಿದರೆ ಒಳಗಿನ ಅಡುಗೆಕೋಣೆಗೂ ಮುಟ್ಟುತ್ತಿತ್ತು. ತನಗಿಂತ ಚಿಕ್ಕವರನ್ನೂ ಅಮ್ಮ ಎನ್ನುತ್ತಿದ್ದಳು, ಅವರು ಇವಳನ್ನು ಮೀನಕ್ಕ ಎನ್ನುತ್ತಿದ್ದರು. ಯಾವ ಮನೆಯ ಮಗಳು ಬಸುರಿ, ಯಾವ ಮನೆಯ ಸೊಸೆ ಮುನಿಸಿಕೊಂಡು ಹೋಗಿದ್ದಾಳೆ, ಎಲ್ಲ ಅವಳಿಗೆ ಗೊತ್ತು. ಮೀನು ಮಾರಲು ಹೋಗುತ್ತೀಯೋ ಸುದ್ದಿ ಮಾರಲು ಹೋಗುತ್ತೀಯೋ ಎಂದು ನಾನು ಕೆಣಕಿದರೆ, ಎರಡನ್ನೂ ಖಾಲಿ ಮಾಡಿಯೇ ವಾಪಸ್ಸು ಬರುವುದು ಎನ್ನುತ್ತಿದ್ದಳು. ಆ ಮನೆಗಳಿಗೆ ಅವಳು ಇಟ್ಟ ಹೆಸರು "ನನ್ ಮನಿಗಳು".

ನಾನು ಕೆಲಸ ಬಿಟ್ಟು ಅವಳ ಜೊತೆ ಇರಲು ಬಂದ ಹೊತ್ತಿಗೆ ಅವಳ ಎದೆ ಕೆಟ್ಟಿತ್ತು. ಒಲೆಯ ಹೊಗೆ ಶ್ವಾಸಕೋಶವನ್ನು ತಿಂದಿದೆ ಎಂದರು ಡಾಕ್ಟರು. ಗಾಳಿಯಿಂದ ಆಮ್ಲಜನಕ ಸೋಸಿ ಮೂಗಿನ ನಳಿಗೆಗೆ ಕೊಡುವ ಯಂತ್ರವೊಂದು ಮನೆಗೆ ಬಂತು. ದೊಡ್ಡ ಸೂಟ್‌ಕೇಸಿನಷ್ಟು ಗಾತ್ರ, ಕರೆಂಟಿನಲ್ಲಿ ಓಡುವುದು, ದಿನವಿಡೀ ಉಸ್ ಉಸ್ ಎನ್ನುವುದು. ನಳಿಗೆ ಎಷ್ಟು ಉದ್ದವೋ ಅಕ್ಕನ ತಿರುಗಾಟ ಅಷ್ಟೇ ಉದ್ದ. "ಸಂಕೋಲಿ ಹಾಕಿದ್ ನಾಯಿ ಹಾಂಗ್ ಆಯ್ತ್ ನನ್ ಬದ್ಕ್" ಎಂದಳು. ಊರೆಲ್ಲ ನಡೆದವಳು ಹಾಗೆ ಹೇಳಿದ್ದು ಕೇಳಿ ನನಗೆ ಊಟ ಸೇರಲಿಲ್ಲ.

ಒಂದು ಬೆಳಿಗ್ಗೆ ಅವಳು, "ಮಾಣಿ, ನನ್ ಮನಿಗಳಿಗೆಲ್ಲ ಒಂದ್ ಸಲ ಹೋಯ್ಕ್" ಎಂದಳು. ಅರವತ್ತು ದಾಟಿದ ಮೇಲೂ ನಾನು ಅವಳಿಗೆ ಮಾಣಿಯೇ.

"ಎಂತಕ್?"

"ನಿನ್ನ್ ತೋರ್ಸುಕ್."

"ನಾ ಎಂತ ಮದಿ ಹುಡ್ಗನಾ?"

"ಕುಶಾಲ್ ಮಾಡ್ಬ್ಯಾಡ. ನಾ ಹೋದ್ ಮೇಲೆ ನಿನ್ ಹತ್ರ ಮಾತಾಡುಕ್ ಯಾರಿದ್ರ್? ಹೇಳ್ ಕಾಂಬ."

ನನಗೆ ಸಿಟ್ಟು ಬಂತು. ಹೊರಗೆ ಹೋಗಿ ತೆಂಗಿನ ಬುಡಕ್ಕೆ ಸುಮ್ಮನೆ ನೀರು ಹಾಕಿದೆ. ಆದರೆ ಆ ದಿನವೇ ಗಾಡಿಯ ಯೋಚನೆ ತಲೆಯೊಳಗೆ ಹೊಕ್ಕಿತು.

ನಾನು ಓಡಿಸುತ್ತಿದ್ದ ಹಳೆಯ ಮೀನಿನ ಗಾಡಿಯನ್ನು ಧಣಿಗಳು ಗುಜರಿಗೆ ಹಾಕಲು ಹೊರಟಿದ್ದರು. ಅದನ್ನು ನಾನೇ ತಂದೆ. ಮರವಂತೆಯ ಕಡಲ ಬದಿಯಲ್ಲಿ ಬೆಂಗಳೂರಿನವರ ಕ್ಯಾರವಾನುಗಳು ನಿಂತದ್ದನ್ನು ಕಂಡಿದ್ದೇನೆ. ಒಳಗೆ ಅಡುಗೆಮನೆ, ಹೊರಗೆ ಬಣ್ಣದ ಚಪ್ಪರ, ಅದರಡಿ ಚಡ್ಡಿ ಹಾಕಿಕೊಂಡು ಕಾಫಿ ಕುಡಿಯುವ ಗಂಡಸರು. ನಮ್ಮದು ಅಷ್ಟು ಶೋಕಿಯದಲ್ಲ. ಮೀನಿನ ಪೆಟ್ಟಿಗೆಯ ದಪ್ಪ ಗೋಡೆಯಲ್ಲಿ ಎರಡು ಕಿಟಕಿ ಕೊರೆಸಿದೆ, ಒಂದು ಮಂಚ, ಗಾಡಿಯ ಬ್ಯಾಟರಿಯಲ್ಲೇ ಓಡುವ ಒಂದು ಫ್ಯಾನು, ಮೂಲೆಯಲ್ಲಿ ಯಂತ್ರ. ಹುಣಸೆಹುಳಿ, ಫಿನೈಲ್ ಎಲ್ಲ ಹಾಕಿ ತಿಕ್ಕಿದರೂ ವಾಸನೆ ಹೋಗಲಿಲ್ಲ. ಅಕ್ಕ ಒಳಗೆ ಕಾಲಿಟ್ಟವಳೇ ಮೂಗರಳಿಸಿ, "ಈಗ ಮನಿ ಆಯ್ತ್ ಕಾಣ್" ಎಂದಳು.

ಉಳಿದದ್ದು ಕರೆಂಟು. ಗಾಡಿ ಓಡುವಾಗ ಆಮ್ಲಜನಕದ ಸಣ್ಣ ಸಿಲಿಂಡರಿನಿಂದ ಹೇಗೋ ಆಗುತ್ತದೆ. ನಿಂತ ಕಡೆ ಯಂತ್ರ ಓಡಲೇಬೇಕು. ಹಾಗಾಗಿ ನಾನು ಆ ಯಂತ್ರವನ್ನೇ ಹೊತ್ತುಕೊಂಡು ಕುಂದಾಪುರದ ಜನರೇಟರ್ ಅಂಗಡಿಗೆ ಹೋದೆ. ಅಕ್ಕನ ಹತ್ತಿರ ಪಕ್ಕದ ಮನೆಯವರನ್ನು ಕೂರಿಸಿ, ಸಿಲಿಂಡರ್ ಹಚ್ಚಿ ಬಂದಿದ್ದೆ, ಅವಸರದಲ್ಲಿದ್ದೆ. ಅಂಗಡಿಯವರಿಗೆ ಅವಸರವಿರಲಿಲ್ಲ. ಸಾಲಾಗಿ ಇಟ್ಟ ಜನರೇಟರುಗಳು ಕೆಂಪು, ಹಳದಿ, ನೀಲಿ, ಒಂದೊಂದರ ಮೇಲೆ ಒಂದೊಂದು ಹೆಸರು.

"ಇದ್ರಗೆ ಚೈನಾದ್ದಲ್ಲದ್ದ್ ಯಾವ್ದ್?" ಎಂದೆ.

"ಎಲ್ಲ ಚೈನಾದ್ದೇ ಮಾರಾಯ್ರೆ. ಬಣ್ಣ ಬೇರೆ, ಸ್ಟಿಕ್ಕರ್ ಬೇರೆ. ನೀವ್ ಸ್ಟಿಕ್ಕರ್ ಕಾಂಬುಕ್ ಹೋಗ್ಬ್ಯಾಡಿ, ಎತ್ತಿ ಕಾಣಿ."

ಎತ್ತಿ ನೋಡಿದೆ. ಒಂದೇ ಗಾತ್ರದ ಎರಡರಲ್ಲಿ ಒಂದು ಹಗುರ. ಹಗುರದ್ದರ ಒಳಗಿನ ತಂತಿಯ ಸುರುಳಿ ಅಲ್ಯೂಮಿನಿಯಮ್ಮಿನದು, ಭಾರದ್ದರದು ತಾಮ್ರ ಎಂದರು. ಮೇಲೆ ಬರೆದ ಸಂಖ್ಯೆಯನ್ನೂ ನಂಬಬಾರದಂತೆ. ಅದು ಒಂದು ಗಳಿಗೆ ಮೈಮುರಿದು ಎಳೆಯಬಹುದಾದ ಭಾರ, ದಿನವಿಡೀ ಎಳೆಯುವುದು ಅದಕ್ಕಿಂತ ಕಡಿಮೆ. ಬರೀ ಕಬ್ಬಿಣದ ಚೌಕಟ್ಟಿನ, ಎಲ್ಲಕ್ಕಿಂತ ಅಗ್ಗದ್ದನ್ನು ಚಾಲು ಮಾಡಿ ಯಂತ್ರಕ್ಕೆ ವಯರು ಹಚ್ಚಿದೆವು. ಅಂಗಡಿ ನಡುಗುವಷ್ಟು ಸದ್ದು. ಯಂತ್ರ ಒಂದೆರಡು ಸಲ ಉಸ್ ಎಂದು ಕೆಂಪು ದೀಪ ಹೊತ್ತಿಸಿ ಚೀರತೊಡಗಿತು. ಕರೆಂಟು ಏರಿಳಿಯುತ್ತದೆ, ಇದು ಬಲ್ಬಿಗೆ ಆದೀತು, ಉಸಿರಿಗೆ ಆಗದು ಎಂದರು. ಕೊನೆಗೆ ಮುಚ್ಚಳವಿದ್ದ, ಹಿಡಿಕೆ ಹಿಡಿದು ಎತ್ತಬಹುದಾದ ಪುಟ್ಟದೊಂದು ಬಂತು. ಕರೆಂಟು ಏರಿಳಿಯದಂತೆ ಹದಮಾಡಿ ಕೊಡುವ ಇನ್ವರ್ಟರ್ ಜಾತಿಯದು. ಇದಕ್ಕೆ ಹಚ್ಚಿದಾಗ ಯಂತ್ರ ಹಸಿರು ದೀಪ ಹೊತ್ತಿಸಿ ಮನೆಯಲ್ಲಿದ್ದ ಹಾಗೆಯೇ ಉಸಿರಾಡಿತು. ಅದೂ ಚೈನಾದ್ದೇ, ಹೆಸರಿರುವ ಕಂಪನಿಗಳದ್ದಕ್ಕಿಂತ ಎಷ್ಟೋ ಅಗ್ಗ. ಅದನ್ನೇ ತಂದೆ.

"ಒಂದ್ ಮಾತ್" ಎಂದು ಅಂಗಡಿಯವರು ಹಿಂದಿನಿಂದ ಕರೆದರು. "ಉಪಯೋಗ ಇಲ್ದಿದ್ರೂ ಹದ್ನೈದ್ ದಿನಕ್ಕೊಂದ್ ಸಲ ಓಡ್ಸಿ. ಸುಮ್ನೆ ಅಲ್ಲ, ಎಂತದಾರೂ ಹಚ್ಚಿ, ಲೋಡ್ ಕೊಟ್ಟ್ ಓಡ್ಸ್ಕ್. ಇಲ್ದಿದ್ರೆ ಒಳ್ಗೆ ಪೆಟ್ರೋಲ್ ಅಂಟಾತ್ತ್."

ಜೊತೆಗೆ ಬಂದ ಪುಸ್ತಕದ ಇಂಗ್ಲಿಷು ನನ್ನ ಇಂಗ್ಲಿಷಿಗಿಂತ ಕೆಟ್ಟದಾಗಿತ್ತು. ಅದನ್ನು ಓದಿ ನನಗೆ ಸ್ವಲ್ಪ ಧೈರ್ಯ ಬಂತು.

ಮಳೆಗಾಲಕ್ಕೆ ಮುಂಚಿನ ಆ ತಿಂಗಳುಗಳಲ್ಲಿ ವಾರಕ್ಕೊಂದು ದಿನ ಹೊರಡುತ್ತಿದ್ದೆವು. ಡಾಕ್ಟರು ಮೊದಲು ಗದರಿದರು, ಆಮೇಲೆ ಸುಸ್ತಾದರೆ ತಿರುಗಿ ಬನ್ನಿ ಎಂದರು. ಗೇಟಿನೆದುರು ಗಾಡಿ ನಿಲ್ಲಿಸುವುದು, ಜನರೇಟರನ್ನು ಇಳಿಸಿ ವಯರು ಮುಗಿಯುವಷ್ಟು ದೂರ ಒಯ್ದಿಡುವುದು, ಹಗ್ಗ ಎಳೆಯುವುದು, ಯಂತ್ರಕ್ಕೆ ಹಚ್ಚುವುದು. ಗಾಳಿ ಎತ್ತ ಬೀಸುತ್ತದೆ ಎಂದು ನೋಡಿ ಇಡಬೇಕು, ಹೊಗೆ ಪೆಟ್ಟಿಗೆಯೊಳಗೆ ಹೊಕ್ಕರೆ ಕತೆ ಮುಗಿದಂತೆ. ಬೈಂದೂರಿನಲ್ಲಿ ಒಂದು ಬೆಳಿಗ್ಗೆ ನೆಲದಿಂದ ಕಡಲಿಗೆ ಗಾಳಿ ಬೀಸುತ್ತಿದ್ದಾಗ ಪಡುವಣ ಬದಿಗೆ ಇಟ್ಟು ನಾನು ನೆರಳಿನಲ್ಲಿ ತೂಕಡಿಸುತ್ತಿದ್ದೆ. ಬಿಸಿಲು ಏರುವ ಹೊತ್ತಿಗೆ ಒಳಗಿನಿಂದ ಅಕ್ಕನ ಕೂಗು: "ಮಾಣೀ, ಗಾಳಿ ತಿರ್ಗಿತ್! ಅದನ್ನ್ ಆಚಿ ಬದಿಗ್ ಹಾಕ್!" ಕಡಲಗಾಳಿ ಎದ್ದಿತ್ತು. ಉಸಿರಿಲ್ಲದವಳು ಅಷ್ಟು ಜೋರಾಗಿ ಕೂಗಿದ್ದು ಕೇಳಿ ಗಾಬರಿಯ ನಡುವೆಯೂ ನನಗೆ ಖುಷಿಯಾಯಿತು.

ಆದರೆ ಗೇಟಿನಲ್ಲಿ ನಿಂತು ಹಿಂದಿನಂತೆ ಕೂಗುವ ಶಕ್ತಿ ಅವಳಿಗಿರಲಿಲ್ಲ. ನನಗೆ ಕೂಗುವ ಅಭ್ಯಾಸವಿರಲಿಲ್ಲ. ಜನರೇಟರಿನ ಸದ್ದು ಕೇಳಿಯೇ ಮನೆಯವರು ಹೊರಗೆ ಬರುತ್ತಿದ್ದರು. ಎರಡನೆಯ ಸಲ ಹೋಗುವಾಗ ಆ ಸದ್ದು ಅವರಿಗೆ ಗುರುತಾಗಿತ್ತು. ನಮ್ಮ ಮನೆಯ ಕರೆಂಟಿಗೇ ಹಚ್ಚಿ ಎಂದು ಎಲ್ಲರೂ ಕರೆದರು. ಅಕ್ಕ ಒಪ್ಪಲಿಲ್ಲ. ಇಷ್ಟು ವರ್ಷ ಅಂಗಳದಲ್ಲೇ ನಿಂತು ಮೀನು ಕೊಟ್ಟು ಬಂದವಳು, ಈಗ ವಯರು ಎಳೆದುಕೊಂಡು ಒಳಗೆ ಹೋಗುವುದಾ ಎನ್ನುತ್ತಿದ್ದಳು. ಗಾಡಿಯ ಬಾಗಿಲಲ್ಲಿ ಕಾಲು ಇಳಿಬಿಟ್ಟು, ಮೂಗಿಗೆ ನಳಿಗೆ ಸಿಕ್ಕಿಸಿಕೊಂಡು ರಾಣಿಯ ಹಾಗೆ ಕೂತು ಸುದ್ದಿ ಕೇಳುತ್ತಿದ್ದಳು. ಹೊರಡುವ ಮುಂಚೆ ನನ್ನತ್ತ ಕೈ ತೋರಿಸುವುದು. "ಇವ ನನ್ ತಮ್ಮ. ಮಾತ್ ಕಮ್ಮಿ, ಜನ ಒಳ್ಳೆದ್. ಇನ್ಮೇಲೆ ಇವ ಬತ್ತ." ನಾನು ಜನರೇಟರಿನ ಮುಚ್ಚಳ ಒರೆಸುತ್ತ ನಿಲ್ಲುತ್ತಿದ್ದೆ.

ತೆಕ್ಕಟ್ಟೆಯ ಒಳದಾರಿಯ ಒಂದು ಮನೆಯ ಅಮ್ಮನೆಂದರೆ ಅವಳಿಗೆ ಪ್ರಾಣ. ಇಬ್ಬರಿಗೂ ಹೆಚ್ಚುಕಡಿಮೆ ಒಂದೇ ವಯಸ್ಸು. ಆಕೆ ಅಕ್ಕನಿಗೆ ಉಪ್ಪು ಹಾಕಿದ ಗಂಜಿ ತಿಳಿ, ನನಗೆ ಚಾ ತರುತ್ತಿದ್ದರು. ಕೊನೆಯ ಸಲ ಹೋದಾಗ ಒಂದು ಸ್ಟೀಲ್ ಡಬ್ಬಿ ತುಂಬ ಮಿಡಿ ಉಪ್ಪಿನಕಾಯಿ ಕೊಟ್ಟರು. ದಾರಿಯಲ್ಲಿ ಅಕ್ಕ, "ಡಬ್ಬಿ ಖಾಲಿ ಕೊಡುಕಾಗ, ಎಂತದಾರೂ ಹಾಕಿಯೇ ಕೊಡ್ಕ್, ನೆನಪಿರ್ಲಿ" ಎಂದಳು. ನೀನೇ ಕೊಡುವಿಯಂತೆ ಎಂದೆ.

ಮಳೆ ಹಿಡಿದ ವಾರ ಅವಳು ಹೋದಳು. ಮಧ್ಯಾಹ್ನ ಉಂಡು ಒರಗಿದವಳು ಏಳಲಿಲ್ಲ. ಕರೆಂಟು ಇತ್ತು, ಯಂತ್ರ ಓಡುತ್ತಿತ್ತು, ಜನರೇಟರಿನ ಟ್ಯಾಂಕು ತುಂಬಿತ್ತು. ಯಾವುದೂ ಕೈಕೊಟ್ಟಿರಲಿಲ್ಲ.

ನೆಂಟರು ಬಂದು ಹೋದರು. ಅವಳ ಮನೆಗಳಿಗೆ ಸುದ್ದಿ ಮುಟ್ಟಿಸಲು ನನ್ನಿಂದಾಗಲಿಲ್ಲ. ಅವಳ ಹತ್ತಿರ ಅವರ ಫೋನ್ ನಂಬರುಗಳಿರಲಿಲ್ಲ, ಅವಳು ಗೇಟಿನಲ್ಲಿ ನಿಂತು ಕರೆದವಳು. ಯಂತ್ರವನ್ನು ಕೋಣೆಯಲ್ಲಿ ನೋಡಲಾರದೆ ಗಾಡಿಯೊಳಗೆ ಇಟ್ಟು ಬಾಗಿಲು ಹಾಕಿದೆ. ಮನೆ ನಿಶ್ಶಬ್ದವಾಯಿತು. ನನಗೆ ನಿಶ್ಶಬ್ದ ಇಷ್ಟ ಎಂದು ಜೀವಮಾನವಿಡೀ ತಿಳಿದುಕೊಂಡಿದ್ದೆ. ಅದು ಸುಳ್ಳು. ಅವಳು ಮಾತಾಡುತ್ತಿರುವಾಗ ನಾನು ಸುಮ್ಮನಿರುವುದು, ನನಗೆ ಇಷ್ಟವಿದ್ದದ್ದು ಅದು. ದಿನಗಟ್ಟಲೆ ನನ್ನ ಧ್ವನಿ ನನಗೇ ಕೇಳಲಿಲ್ಲ. ಹಾಲಿನವರು ಬಂದಾಗ ಒಮ್ಮೆ ಮಾತಾಡಲು ಹೋಗಿ ಕೆಮ್ಮು ಬಂತು.

ಮಳೆ ಬಿಟ್ಟ ಮೇಲೆ ಜನರೇಟರಿನ ಹಗ್ಗ ಎಳೆದು ನೋಡಿದರೆ ಚಾಲು ಆಗಲಿಲ್ಲ. ಅಂಗಡಿಯವರು ಹೇಳಿದ ಹಾಗೆಯೇ ಪೆಟ್ರೋಲು ಅಂಟಾಗಿ ಕಾರ್ಬೊರೇಟರಿನ ಸಣ್ಣ ತೂತು ಮುಚ್ಚಿತ್ತು. ಉಪ್ಪುಗಾಳಿಗೆ ತಿರುಪುಮೊಳೆಗಳು ತುಕ್ಕು ಹಿಡಿದಿದ್ದವು. ಒಂದು ಇಡೀ ದಿನ ಅಂಗಳದಲ್ಲಿ ಗೋಣಿ ಹಾಸಿ ಕೂತು ಬಿಚ್ಚಿದೆ, ತೊಳೆದೆ, ಸಣ್ಣ ತಂತಿಯಲ್ಲಿ ತೂತು ಬಿಡಿಸಿದೆ. ಸಂಜೆಗೆ ಅದು ಕೆಮ್ಮಿ ಕೆಮ್ಮಿ ಚಾಲು ಆಯಿತು. ಕೈ ತೊಳೆಯಲು ಒಳಗೆ ಹೋದಾಗ ಕಪಾಟಿನಲ್ಲಿ ಡಬ್ಬಿ ಕಂಡಿತು. ಉಪ್ಪಿನಕಾಯಿಯನ್ನು ಅಕ್ಕ ಎಂದೋ ತಿಂದು ಮುಗಿಸಿದ್ದಳು, ಡಬ್ಬಿಯನ್ನು ತೊಳೆದು ಬೋರಲು ಹಾಕಿದ್ದಳು.

ಮರುದಿನ ಅದರಲ್ಲಿ ಒಣಸಿಗಡಿ ತುಂಬಿಸಿಕೊಂಡು ತೆಕ್ಕಟ್ಟೆಗೆ ಹೋದೆ. ಗೇಟಿನಲ್ಲಿ ಇಳಿದು ನಿಂತೆ. ಮನೆ ತೋಟದಾಚೆ ಇದೆ, ಗೇಟಿಗೆ ಕರೆಗಂಟೆಯಿಲ್ಲ. ಕರೆಯಲು ಬಾಯಿ ತೆರೆದೆ. ಹ್ವಾಯ್ ಎನ್ನುವುದೊಂದು ಶಬ್ದವೇ, ಸಣ್ಣ ಮಕ್ಕಳೂ ಹೇಳುತ್ತಾರೆ. ನನ್ನಿಂದ ಹೊರಡಲಿಲ್ಲ. ಡಬ್ಬಿಯನ್ನು ಗೇಟಿಗೆ ಸಿಕ್ಕಿಸಿ ಹೊರಟುಬಿಡೋಣ ಅನ್ನಿಸಿತು. ಆಮೇಲೆ, ಹೇಗೂ ಓಡಿಸಬೇಕಲ್ಲ ಎಂದು ನನಗೆ ನಾನೇ ನೆಪ ಹೇಳಿಕೊಂಡು ಜನರೇಟರನ್ನು ಇಳಿಸಿದೆ. ಗಾಳಿ ನೋಡಿ ದೂರ ಇಟ್ಟೆ, ಹಗ್ಗ ಎಳೆದೆ. ಲೋಡ್ ಕೊಡಲು ಗಾಡಿಯಲ್ಲಿದ್ದದ್ದು ಅಕ್ಕನ ಯಂತ್ರವೊಂದೇ. ವಯರು ಹಚ್ಚಿದೆ. ಒಳಗೆ ಖಾಲಿ ಮಂಚದ ಬದಿಯಲ್ಲಿ ಯಂತ್ರ ಹಸಿರು ದೀಪ ಹೊತ್ತಿಸಿ ಉಸ್ ಉಸ್ ಎಂದಿತು.

ಸ್ವಲ್ಪ ಹೊತ್ತಿಗೆ ಅಮ್ಮ ತೋಟದ ದಾರಿಯಲ್ಲಿ ಬಂದರು. ಎರಡು ಕೈಯಲ್ಲಿ ಎರಡು ಲೋಟ. ಒಂದರಲ್ಲಿ ಚಾ, ಇನ್ನೊಂದರಲ್ಲಿ ಗಂಜಿ ತಿಳಿ.

"ಅಂತೂ ಬಂದ್ರಿ ಅಲ್ದಾ ಮೀನಕ್ಕ! ಇಷ್ಟ್ ದಿನ ಎಲ್ಲ್ ಹೋಯಿದ್ರಿ?" ಎಂದು ಗಾಡಿಯ ಕಡೆ ನೋಡಿಯೇ ಕೇಳಿದರು. ಯಂತ್ರದ ಉಸಿರು ಅವರಿಗೂ ಕೇಳುತ್ತಿತ್ತು.

"ಅಕ್ಕ ಇಲ್ಲ" ಎಂದೆ. ಅವರಿಗೆ ತಿಳಿಯಲಿಲ್ಲ. ಇನ್ನೊಮ್ಮೆ ಹೇಳಬೇಕಾಯಿತು. "ಅಕ್ಕ ಹೋಯ್ತ್ ಅಮ್ಮ. ಮಳಿಗಾಲದಗೆ."

ಅವರು ಗಾಡಿಯ ಬಾಗಿಲ ತನಕ ಹೋಗಿ ಒಳಗೆ ನೋಡಿದರು. ಗಂಜಿ ತಿಳಿಯ ಲೋಟವನ್ನು ಅಕ್ಕ ಕೂರುತ್ತಿದ್ದ ಜಾಗದಲ್ಲಿ ಇಟ್ಟರು. ನಾನು ನಾಚಿಕೊಂಡು ಜನರೇಟರಿನ ಸ್ವಿಚ್ಚಿಗೆ ಕೈ ಹಾಕಿದೆ.

"ಬಂದ್ ಮಾಡ್ಬ್ಯಾಡಿ" ಎಂದರು. "ಚೂರ್ ಹೊತ್ತ್ ಇರ್ಲಿ."

ಅವರು ಬಾಗಿಲಲ್ಲಿ ಕೂತರು. ನಾನು ಗೇಟಿನ ಬದಿಯ ಕಟ್ಟೆಯ ಮೇಲೆ ಕೂತೆ. ಸದ್ದಿತ್ತು, ಹಾಗಾಗಿ ಯಾರೂ ಏನೂ ಹೇಳಬೇಕಾಗಿರಲಿಲ್ಲ. ಅವರು ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು, ನಾನೂ ಅತ್ತೆ, ಅಕ್ಕ ಹೋದ ದಿನ ಅಳದಿದ್ದವನು. ಪೆಟ್ರೋಲು ಮುಗಿದು ಜನರೇಟರ್ ತಾನಾಗಿ ನಿಂತಿತು. ಯಂತ್ರ ಒಮ್ಮೆ ಉದ್ದಕ್ಕೆ ಕೂಗಿತು. ಅದರ ಗುಂಡಿ ಒತ್ತಿ ಸುಮ್ಮನಾಗಿಸಿದೆ.

ಡಬ್ಬಿ ಕೊಟ್ಟೆ. ಅಮ್ಮ ಮುಚ್ಚಳ ತೆಗೆದು ಮೂಸಿದರು, ಅದನ್ನು ಹಿಡಿದುಕೊಂಡು ಒಳಗೆ ಹೋದರು. ತಿರುಗಿ ಬರುವಾಗ ಅದೇ ಡಬ್ಬಿ, ಮತ್ತೆ ಮಿಡಿ ಉಪ್ಪಿನಕಾಯಿ ತುಂಬಿಸಿಕೊಂಡು ತಂದಿದ್ದರು.

"ಮುಗ್ದ್ ಕೂಡ್ಲೆ ಡಬ್ಬಿ ತಕಂಡ್ ಬನ್ನಿ. ಕರೂಕ್ ಆಗ್ದಿದ್ರೆ ಇದನ್ನೇ ಸ್ಟಾರ್ಟ್ ಮಾಡಿ, ನಂಗ್ ಗೊತ್ತಾತ್ತ್."

"ಬತ್ತೆ" ಎಂದೆ.

ಈಗ ಹದಿನೈದು ದಿನಕ್ಕೊಮ್ಮೆ ಅಂಗಳದಲ್ಲಿ ಜನರೇಟರ್ ಓಡಿಸುತ್ತೇನೆ, ಲೋಡ್ ಕೊಟ್ಟು. ಮಧ್ಯಾಹ್ನ ಡಬ್ಬಿಯ ಮುಚ್ಚಳ ತೆಗೆದು ಇನ್ನೆಷ್ಟು ಉಳಿದಿದೆ ಎಂದು ನೋಡುತ್ತೇನೆ. ಊಟಕ್ಕೆ ಎರಡೆರಡು ಮಿಡಿ ಹಾಕಿಕೊಳ್ಳುತ್ತೇನೆ. ಒಬ್ಬನೇ ಉಣ್ಣುವವನಿಗೆ ಉಪ್ಪಿನಕಾಯಿ ಬೇಗ ಮುಗಿಯುವುದಿಲ್ಲ.