ಸಾಲಿಡ್ ಐತಿ

ಮೊನ್ನೆ ಬೆಳಗಾವಿಯ ಕೋಟೆ ಕೆರೆಯ ರಸ್ತೆಯಲ್ಲಿ ಗಡಿಗೆ ಕೊಳ್ಳಲು ನಿಂತಿದ್ದೆ. ಬಿಸಿಲು ಏರತೊಡಗಿದೆ, ಫ್ರಿಜ್ಜಿನ ನೀರು ಕುಡಿದರೆ ನನಗೆ ಗಂಟಲು ಕಟ್ಟುತ್ತದೆ. ಮಾರುವವನು ಗೋಣಿಚೀಲದ ಮೇಲೆ ಗಡಿಗೆಗಳನ್ನು ಬೋರಲು ಹಾಕಿಕೊಂಡು ಕೂತಿದ್ದ. ಒಂದನ್ನು ಎತ್ತಿ ಅಂಗೈ ಮೇಲಿಟ್ಟುಕೊಂಡು, ಬೆರಳಿನ ಗೆಣ್ಣಿನಿಂದ ಟಣ್ ಎಂದು ಬಡಿದು ತೋರಿಸಿದ.

"ತಗೋರಿ ಅಕ್ಕಾರ, ಖಾನಾಪುರದ ಮಾಲು. ಏಕದಮ್ ಸಾಲಿಡ್ ಐತಿ."

"ಆ ಮಾತ ನನ್ನ ಮುಂದ ಆಡಬ್ಯಾಡಪ್ಪಾ" ಎಂದುಬಿಟ್ಟೆ. ನನ್ನ ದನಿ ಎಷ್ಟು ಏರಿತ್ತೆಂದರೆ ಬಾಜೂಕೆ ನಿಂತಿದ್ದ ಹೆಂಗಸು ತಿರುಗಿ ನೋಡಿದಳು. ಅವನು ಪಾಪ, ಇದು ಚೌಕಾಶಿಯ ಹೊಸ ವರಸೆ ಎಂದುಕೊಂಡನೋ ಏನೋ, "ಕಡಿಮಿ ಮಾಡಿ ಕೊಡ್ತೀನಿ ತಗೋರಿ" ಎಂದ. ನನ್ನ ಕಿವಿಯಲ್ಲಿ ಮಾತ್ರ ಆ ಟಣ್ ಎನ್ನುವ ಸಪ್ಪಳವೇ ಉಳಿದಿತ್ತು. ಆ ಸಪ್ಪಳ, ಆ ಮಾತು ಎರಡೂ ಒಬ್ಬಳ ಸೊತ್ತು. ಆಕೆ ಈಗಿಲ್ಲ.

ಖಾನಾಪುರದಲ್ಲಿ ನನ್ನ ತವರುಮನೆಯ ಎದುರಿಗೇ ಆಕೆಯ ಗಡಿಗೆ ಅಂಗಡಿ. ಅಂಗಡಿ ಎಂದರೆ ನಾಲ್ಕು ಬಿದಿರು, ಮೇಲೊಂದು ತಾಡಪತ್ರಿ. ಊರಿಗೆಲ್ಲ ಆಕೆ ಗಡಿಗಿ ಮಾವಶಿ, ಅಂದರೆ ಮರಾಠಿಯಲ್ಲಿ ಚಿಕ್ಕವ್ವ. ಯಾರಿಗೆ ಖರೇ ಮಾವಶಿಯಾಗಿದ್ದಳೋ ಗೊತ್ತಿಲ್ಲ, ನಾವೆಲ್ಲ ಹಾಗೇ ಕರೆಯುತ್ತಿದ್ದೆವು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಒಬ್ಬ ಮಗ, ಟೆಂಪೋ ಓಡಿಸುತ್ತಿದ್ದ. ಎಣಿಕೆ ಮರಾಠಿಯಲ್ಲಿ, ಬೈಗುಳ ಕನ್ನಡದಲ್ಲಿ, ದೇವರ ಹತ್ತಿರ ಜಗಳ ಎರಡರಲ್ಲೂ. ಇಂಗ್ಲಿಷಿನಲ್ಲಿ ಮಾತ್ರ ಆಕೆಗೆ ಒಂದೇ ಶಬ್ದ ರೂಢಿಯಾಗಿತ್ತು, ಅದನ್ನೂ ಮಗನ ಬಾಯಿಂದ ಕಲಿತದ್ದು.

ನಮ್ಮ ಕಡೆ ಆ ಶಬ್ದವನ್ನು ಹೇಗೆ ಬಳಸುತ್ತಾರೆಂದು ಗೊತ್ತಲ್ಲ? ಸಿನಿಮಾ ಚೆನ್ನಾಗಿದ್ದರೆ ಸಾಲಿಡ್. ಮದುವೆ ಊಟ ರುಚಿಯಾಗಿದ್ದರೆ ಸಾಲಿಡ್. ಖಾನಾಪುರದ ಮಳೆಯಂತೂ ಪ್ರತಿ ವರ್ಷವೂ ಸಾಲಿಡ್ಡೇ. ನನಗೆ ಶಿಕ್ಷಕಿಯ ನೌಕರಿ ಸಿಕ್ಕು ಪೇಢೆ ಕೊಡಲು ಹೋದಾಗ ಆಕೆ ನನ್ನ ಬೆನ್ನ ಮೇಲೆ ಒಂದು ಗುದ್ದು ಕೊಟ್ಟು, "ಸಾಲಿಡ್ ಕೆಲಸ ಮಾಡಿದಿ ನೋಡ ಪೋರಿ" ಎಂದಿದ್ದಳು. ಆ ಗುದ್ದು ಎರಡು ದಿನ ನೋಯುತ್ತಿತ್ತು.

ಗಡಿಗೆ ಮಾರುವಾಗ ಅದೇ ಆಕೆಯ ಮುದ್ರೆ. ಗಡಿಗೆಯನ್ನು ಕಿವಿಯ ಹತ್ತಿರ ಹಿಡಿದು ಬಡಿಯುವಳು. ಟಣ್ ಎಂದರೆ ಸಾಲಿಡ್. ಬದ್ ಎಂದರೆ ಎಲ್ಲೋ ಬಿರುಕಿದೆ, ಅದನ್ನು ಪಕ್ಕಕ್ಕೆ ತಳ್ಳುವಳು. ಒಳಗೆಲ್ಲ ಟೊಳ್ಳಾದ ಮಡಕೆಗೆ ಸಾಲಿಡ್ ಅನ್ನುತ್ತೀಯಲ್ಲ ಮಾವಶಿ ಎಂದು ನಾನು ಕಾಡಿಸಿದ್ದೂ ಉಂಟು. "ನಿನ್ನ ಸಾಲಿ ಶಾಣ್ಯಾತನ ಸಾಲ್ಯಾಗ ಇಟ್ಕೋ" ಎನ್ನುತ್ತಿದ್ದಳು.

ಒಂದು ಚಳಿಗಾಲದಲ್ಲಿ ತವರಿಗೆ ಹೋಗಿದ್ದೆ. ಮಾವಶಿ ಗಡಿಗೆಗಳ ಹಿಂದೆ ನನ್ನನ್ನು ಕೂರಿಸಿಕೊಂಡು, ರಸ್ತೆಯ ಕಡೆ ಬೆನ್ನು ಮಾಡಿ, ನನ್ನ ಕೈ ಹಿಡಿದು ತನ್ನ ಎಡ ಎದೆಯ ಮೇಲೆ ಇಟ್ಟುಕೊಂಡಳು. ಕುಪ್ಪಸದ ಮೇಲಿಂದಲೇ ಗೊತ್ತಾಯಿತು. ಹುಣಸೆ ಬೀಜದಷ್ಟು ಇದ್ದಿರಬೇಕು, ಒತ್ತಿದರೆ ಜರುಗುತ್ತಿರಲಿಲ್ಲ. ನೋವಿದೆಯೇ ಎಂದೆ. "ನೋವು ಇಲ್ಲ, ಏನೂ ಇಲ್ಲ. ನೋವು ಇದ್ದಿದ್ರ ಚಿಂತಿ ಮಾಡ್ತಿದ್ನಿ" ಎಂದಳು. ಎಲ್ಲರೂ ತಿಳಿದುಕೊಳ್ಳುವುದೇ ಹೀಗೆ. ಆ ಗಂಟು ನೋಯುವುದಿಲ್ಲ ಎಂದೇ ಹೆಂಗಸರು ಅದನ್ನು ಸೆರಗಿನೊಳಗೆ ಇಟ್ಟುಕೊಂಡು ತಿರುಗುತ್ತಾರೆ.

ಅದಕ್ಕೆ ಒಂದು ವರ್ಷ ಮೊದಲು ನನಗೂ ಅಂಥದ್ದೊಂದು ಗಂಟು ಆಗಿತ್ತು. ಹೆದರಿ ಅರ್ಧ ಸತ್ತಿದ್ದೆ. ಶಿವಬಸವ ನಗರದ ಒಬ್ಬ ವಯಸ್ಸಾದ ಡಾಕ್ಟರಮ್ಮ ನನ್ನನ್ನು ಮಲಗಿಸಿ, ತಣ್ಣನೆಯ ಜೆಲ್ ಹಚ್ಚಿ, ಪರದೆಯನ್ನು ನನ್ನ ಕಡೆಗೇ ತಿರುಗಿಸಿ ತೋರಿಸಿದ್ದರು. "ಇದೇನ ಕರೆಂಟ್ ಅಲ್ಲ, ಬರೇ ಸಪ್ಪಳ. ನಮ್ಮ ಕಿವಿಗೆ ಕೇಳಂಗಿಲ್ಲ ಅಷ್ಟ. ಒಳಗ ಹೋಗಿ ಬಡದು ವಾಪಸ್ ಬರ್ತೈತಿ. ನೀರಿದ್ದಲ್ಲಿ ಸೀದಾ ಹಾದು ಹೋಗ್ತೈತಿ, ಅದಕ್ಕ ಅಲ್ಲಿ ಕರ್ರಗ ಕಾಣ್ತೈತಿ ನೋಡ್ರಿ. ಅಂಚೂ ನುಣ್ಣಗದ. ನಿಮ್ಮದು ನೀರಿನ ಗುಳ್ಳಿ, ಅಂಜಬ್ಯಾಡ್ರಿ." ನೀರಿಲ್ಲದೆ ಗಟ್ಟಿಯಾಗಿದ್ದರೆ ಎಂದು ಕೇಳಿದೆ. ಗಟ್ಟಿ ಇದ್ದದ್ದೆಲ್ಲ ಕೆಟ್ಟದ್ದಲ್ಲ ಎಂದರು. ಆಗ ಅಂಚು ನೋಡುತ್ತಾರಂತೆ, ಗುಂಡಗಿದೆಯೋ ಮುಳ್ಳುಮುಳ್ಳಾಗಿದೆಯೋ ಎಂದು. ಗಂಟು ಅಡ್ಡ ಮಲಗಿದೆಯೋ, ನೆಟ್ಟಗೆ ನಿಂತಿದೆಯೋ ಎಂದೂ ನೋಡುತ್ತಾರಂತೆ. ನೆಟ್ಟಗೆ ನಿಂತದ್ದರ ಮೇಲೆ ಅವರಿಗೆ ಸಂಶಯ. ಸಂಶಯ ಬಂದರೆ ಸೂಜಿ ಹಾಕಿ ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ, ಅದೇ ಕೊನೆಯ ಮಾತು. ಇಷ್ಟನ್ನು ಹೇಳಲು ಅವರಿಗೆ ಒಂದು ಚಹಾ ಕುಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ.

ಮಾವಶಿಗೆ ಇದನ್ನೆಲ್ಲ ಹೇಳಿ, ಸ್ಕ್ಯಾನಿಂಗ್ ಮಾಡಿಸಿಕೋ ಎಂದೆ. ಆಕೆ ಬಿದ್ದು ಬಿದ್ದು ನಕ್ಕಳು.

"ಸ್ಕ್ಯಾನಿಂಗ? ನಾ ಏನ ಬಸುರಿ ಅದೀನೇನ? ಈ ವಯಸ್ಸಿನ್ಯಾಗ, ಗಂಡ ಇಲ್ಲದಾಕಿ, ಅಲ್ಲಿ ಹೋಗಿ ಕುಂತ್ರ ಮಂದಿ ಏನಂದಾರು?"

ನಗುವ ಮಾತಲ್ಲ ಅದು, ಆಕೆಯ ಮಟ್ಟಿಗೆ ಖರೇ ಕಾರಣ. ಸ್ಕ್ಯಾನಿಂಗ್ ಎಂದರೆ ಬಸುರಿಯರದು. ಹೊರಗೆ ಹೆಣ್ಣೋ ಗಂಡೋ ಹೇಳುವುದಿಲ್ಲ ಎಂಬ ಫಲಕ, ಒಳಗೆ ಬೆಂಚಿನ ತುಂಬ ಹೊಟ್ಟೆ ಹಿಡಿದು ಕೂತ ಹುಡುಗಿಯರು. ಅವರ ನಡುವೆ ಕೂರಲು ಆಕೆಗೆ ನಾಚಿಕೆ. ನಾನು ಬೈದೆ, ರಮಿಸಿದೆ, ನನ್ನ ಅವ್ವನಿಂದ ಹೇಳಿಸಿದೆ. ಬೆಳಗಾವಿಗೆ ಮರಳಿದ ಮೇಲೂ ದಿನ ಬಿಟ್ಟು ದಿನ ಫೋನು ಮಾಡಿ ತಲೆ ತಿಂದೆ. ಕೊನೆಗೆ ಊರಿನ ಡಾಕ್ಟರರಿಗೆ ತೋರಿಸಿದಳು. ಅವರು ಚೀಟಿ ಬರೆದು ಬೆಳಗಾವಿಗೆ ಕಳಿಸಿದರು. ಹೋದದ್ದು ಮಗನ ಜೊತೆ. ಅಂದು ನನಗೆ ಪರೀಕ್ಷೆಯ ಡ್ಯೂಟಿ, ಬಿಡುವ ಹಾಗಿರಲಿಲ್ಲ. ಶಿವಬಸವ ನಗರದ ಡಾಕ್ಟರಮ್ಮ ಅಷ್ಟರಲ್ಲಿ ಕೆಲಸ ಬಿಟ್ಟು ಮಗಳ ಊರಿಗೆ ಹೋಗಿಬಿಟ್ಟಿದ್ದರು. ಹೀಗಾಗಿ ಬೇರೆ ಸೆಂಟರು, ಬೇರೆ ಡಾಕ್ಟರು.

ಸಂಜೆ ಫೋನು ಮಾಡಿದೆ. "ಎಲ್ಲಾ ಛಲೋ ಐತಿ ಅಂದಾರ. ಸುಮ್ನ ಹೆದರಿಸಿದ್ಯಲ್ಲ ಪೋರಿ" ಎಂದಳು. ಎಂಥ ಸಮಾಧಾನವಾಯಿತು ನನಗೆ! ಅಂದು ರಾತ್ರಿ ಮನೆಯಲ್ಲಿ ಶಾವಿಗೆ ಪಾಯಸ ಮಾಡಿದ್ದೆ... ಈಗ ಶಾವಿಗೆ ಕಂಡರೂ ಸಿಟ್ಟು ಬರುತ್ತದೆ.

ಬೇಸಿಗೆ ಬಂತು, ಗಡಿಗೆಯ ಧಂದೆಯ ಕಾಲ. ಆಮೇಲೆ ಮಳೆ ಹಿಡಿಯಿತು, ನಾನು ತವರಿಗೆ ಹೋಗಲಾಗಲಿಲ್ಲ. ದಸರಾ ರಜೆಯಲ್ಲಿ ಹೋದರೆ ಆಕೆ ಎಡಗೈಯನ್ನು ಮೈಯಿಂದ ತುಸು ದೂರ ಹಿಡಿದುಕೊಂಡು ಕೂತಿದ್ದಳು. ಮುಖ ಇಳಿದಿತ್ತು. ಕಂಕುಳಲ್ಲಿ ಬಾವು, ಗಡಿಗೆ ಎತ್ತಿ ಎತ್ತಿ ನರ ಹಿಡಿದಿದೆ ಎಂದಳು. ಆ ಗಂಟು ಏನಾಯಿತು ಎಂದೆ. ಅದು ಹಾಗೇ ಇದೆ, ತುಸು ದೊಡ್ಡದಾಗಿದೆ, ಚಿಂತೆಯಿಲ್ಲವಂತೆ.

"ಚಿಂತಿಯಿಲ್ಲ ಅಂತ ಯಾರ ಹೇಳಿದ್ರು?"

"ಡಾಕ್ಟರಬಾಯಿನ ಹೇಳಿದ್ರು. ನನಗಲ್ಲ, ಬಾಜೂಕ ಕುಂತ ಬರಕೊಳ್ಳೋ ಹುಡುಗಿಗೆ. ಮಶೀನ್ ಆಡಿಸ್ಕೋತ, ಸಾಲಿಡ್, ಸಾಲಿಡ್ ಅಂತ ಎರಡ ಸಲ ಅಂದ್ರು. ನಾನ ನನ್ನ ಕಿವಿಲೆ ಕೇಳೇನಿ. ನಾ ಗಡಿಗಿ ಬಡದ ನೋಡಂಗ ಅವರೂ ನನ್ನ ಬಡದ ನೋಡಿದ್ರು ಅನಕೊಂಡೆ."

ಹೇಳುವಾಗ ಆಕೆಯ ಮುಖದಲ್ಲಿ ಒಂದು ಹೆಮ್ಮೆಯೂ ಇತ್ತು. ಐದನೇ ಇಯತ್ತೆಯ ಮಕ್ಕಳಿಗೆ ವರ್ಷ ವರ್ಷ ಘನ, ದ್ರವ, ಅನಿಲ ಕಲಿಸುವವಳು ನಾನು. ನನ್ನ ಗುಳ್ಳೆಯನ್ನು ನೀರು ಎಂದಿದ್ದರು, ಹಾಗಾಗಿ ನಾನು ಬದುಕಿದ್ದೆ. ಆಕೆಯದನ್ನು ಗಟ್ಟಿ ಎಂದಿದ್ದರು. ಅದೇ ಶಬ್ದ ಹಿಡಿದುಕೊಂಡು ಆಕೆ ಇಡೀ ಬೇಸಿಗೆ, ಇಡೀ ಮಳೆಗಾಲ ಗಡಿಗೆ ಮಾರಿಕೊಂಡು ಕೂತಿದ್ದಳು.

ಮಗನನ್ನು ಕೇಳಿದೆ. ಹೆಂಗಸರ ಸ್ಕ್ಯಾನಿಂಗ್ ಎಂದು ಅವನನ್ನು ಒಳಗೆ ಬಿಟ್ಟಿರಲಿಲ್ಲ. ಊರಿನ ದವಾಖಾನೆಯಿಂದ ಕಂಪೌಂಡರ್ ಎರಡು ಸಲ ಫೋನು ಮಾಡಿದ್ದನಂತೆ, "ರಿಪೋರ್ಟ್ ಬಂದೈತಿ, ನಿಮ್ಮವ್ವನ್ನ ಕರಕೊಂಡ ಬಂದು ಹೋಗ್ರಿ" ಎಂದು. ಅಷ್ಟೇ. ಲಗೂನೆ ಬರ್ರಿ ಎನ್ನಲಿಲ್ಲ, ಯಾಕೆಂದೂ ಹೇಳಲಿಲ್ಲ. ಮಗ ಕರೆದರೆ ಮಾವಶಿ ಗದರಿದ್ದಳು, ನಾನೇ ಕೇಳಿ ಬಂದಿದ್ದೀನಿ, ಮತ್ತೆ ಅದನ್ನೇ ಕೇಳಲು ಧಂದೆ ಬಿಟ್ಟು ಯಾಕೆ ಹೋಗಲಿ ಎಂದು. ಆಕೆ ಹಟ ಹಿಡಿದರೆ ಖಾನಾಪುರದಲ್ಲಿ ಯಾರ ಮಾತೂ ನಡೆಯುತ್ತಿರಲಿಲ್ಲ.

ಮರುದಿನವೇ ಬೆಳಗಾವಿಗೆ ಕರೆತಂದೆ. ಸೂಜಿ ಹಾಕಿದರು. ಏನು ಬಂತೆಂದು ಬೇರೆ ಹೇಳಬೇಕಿಲ್ಲ. ಕಂಕುಳಿಗೆ ಇಳಿದಿತ್ತು, ಪುಪ್ಪುಸದಲ್ಲೂ ಏನೋ ಕಾಣುತ್ತದೆ ಎಂದರು. ಚಳಿಗಾಲದಲ್ಲೇ ಬಂದಿದ್ದರೆ ಎಂದು ಆಸ್ಪತ್ರೆಯ ದೊಡ್ಡ ಡಾಕ್ಟರು ಮಾತು ಶುರು ಮಾಡಿದರು, ಮುಗಿಸಲಿಲ್ಲ. ಅಯ್ಯೋ, ಆಕೆ ಚಳಿಗಾಲದಲ್ಲೇ ಬಂದಿದ್ದಳು! ನಾಚಿಕೆ ಬಿಟ್ಟು, ಬಸುರಿಯರ ನಡುವೆ ಕೂತು, ತನ್ನ ಸರದಿ ಕಾದು, ಮೈ ತೋರಿಸಿ ಹೋಗಿದ್ದಳು.

ನಾನು ಆ ಸ್ಕ್ಯಾನಿಂಗ್ ಸೆಂಟರಿಗೆ ಜಗಳ ಮಾಡಲೆಂದೇ ಹೋದೆ. ಡಾಕ್ಟರು ಸಣ್ಣ ವಯಸ್ಸಿನವರು, ಕಣ್ಣ ಕೆಳಗೆ ಕಪ್ಪಗಾಗಿತ್ತು, ಹೊರಗೆ ಕಾಲಿಡಲು ಜಾಗವಿರದಷ್ಟು ಮಂದಿ. ನನ್ನ ಮಾತನ್ನು ಪೂರ್ತಿ ಕೇಳಿದರು. ಕಂಪ್ಯೂಟರಿನಲ್ಲಿ ಹುಡುಕಿ ಓದಿದರು. ಗಟ್ಟಿ ಗಂಟು, ಮುಳ್ಳು ಅಂಚು, ನೆಟ್ಟಗೆ ನಿಂತಿದೆ, ಬಲವಾದ ಸಂಶಯ, ಕೂಡಲೇ ಸೂಜಿ ಪರೀಕ್ಷೆ ಆಗಬೇಕು... ಎಲ್ಲವನ್ನೂ ಸರಿಯಾಗಿ ಬರೆದಿದ್ದರು. ಅದೇ ಸಂಜೆ ಖಾನಾಪುರಕ್ಕೆ ಕಳಿಸಿಯೂ ಇದ್ದರು.

"ಆಕಿಗೆ ಒಂದ ಮಾತ ಹೇಳಬಾರದಿತ್ತೇನ್ರೀ?" ಎಂದೆ.

"ನಾವು ಪೇಶಂಟಿಗೆ ಹೇಳಂಗಿಲ್ರೀ ಟೀಚರ್. ಕಳಿಸಿದ ಡಾಕ್ಟರ್ ಹೇಳಬೇಕು, ಅದ ಪದ್ಧತಿ. ನಾ ಅಂದಿದ್ದು ಟೈಪ್ ಮಾಡೋ ಹುಡುಗಿಗೆ. ಅವರು ಕೇಳಸ್ಕೋತಾರ ಅಂತ ನನಗ ಹೊಳೀಲೇ ಇಲ್ಲ."

ಆಕೆಯ ಮೈ ಮೇಲೆ ಕೈಯಿಟ್ಟುಕೊಂಡು ಆಡಿದ ಮಾತು ಆಕೆಗೇ ಕೇಳಿಸುತ್ತದೆ ಎಂದು ಹೊಳೆಯಲಿಲ್ಲವಂತೆ! ಬೈಯಲು ಬಾಯಿ ತೆರೆದೆ. ಆದರೆ ಏನೆಂದು ಬೈಯಲಿ? ಯಂತ್ರ ತಪ್ಪು ಹೇಳಿರಲಿಲ್ಲ. ಡಾಕ್ಟರು ತಪ್ಪು ಓದಿರಲಿಲ್ಲ. ಕಂಪೌಂಡರ್ ಫೋನು ಮಾಡಿದ್ದ. ಮಾವಶಿಯ ಕಿವಿಯೂ ಸರಿಯಾಗೇ ಕೇಳಿತ್ತು. ಎಲ್ಲರೂ ತಮ್ಮ ತಮ್ಮ ಕೆಲಸ ಮಾಡಿದ್ದರು, ಆಕೆಯೊಬ್ಬಳು ಸಾಯಲು ಹೊರಟಿದ್ದಳು. ಮೆಟ್ಟಿಲಿಳಿದು ಬಂದು ರಸ್ತೆಯ ಬದಿಗೆ ನಿಂತು ಅತ್ತೆ. ದುಃಖಕ್ಕಲ್ಲ, ಸಿಟ್ಟಿಗೆ. ಯಾರ ಮೇಲೆ ಹಾಕಬೇಕೆಂದು ತಿಳಿಯದ ಸಿಟ್ಟು ಅದು. ಇನ್ನೂ ನನ್ನ ಹತ್ತಿರವೇ ಇದೆ.

ಔಷಧ ಹತ್ತಿದ ಮೇಲೆ ಆಕೆಯ ಕೂದಲು ಉದುರಿತು. ಚಿಕಿತ್ಸೆಗೆ ಬಂದಾಗ ರಾಮತೀರ್ಥ ನಗರದ ನಮ್ಮ ಮನೆಯಲ್ಲೇ ಇಳಿಯುತ್ತಿದ್ದಳು. ತಲೆಗೆ ಸೆರಗು ಬಿಗಿದುಕೊಂಡು ಅಡುಗೆಮನೆಯ ಹೊಸ್ತಿಲಿಗೆ ಒರಗಿ ಕೂತು ನನ್ನ ಪಾತ್ರೆಗಳನ್ನೆಲ್ಲ ಬಡಿದು ನೋಡುತ್ತಿದ್ದಳು. ಸ್ಟೀಲಿನದೆಲ್ಲ ಸುಳ್ಳು ಸಪ್ಪಳ ಎಂಬುದು ಆಕೆಯ ತಕರಾರು. ಸಾಲಿಡ್ ಎಂದು ಡಾಕ್ಟರು ಆಡಿದ ಮಾತಿನ ಅರ್ಥವನ್ನು ನಾನು ಆಕೆಗೆ ಬಿಡಿಸಿ ಹೇಳಿರಲಿಲ್ಲ. ಆಸ್ಪತ್ರೆಯ ವರಾಂಡದಲ್ಲಿ ತಾನೇ ಯಾರಿಂದಲೋ ತಿಳಿದುಕೊಂಡಳು.

ಅಂದು ಮನೆಗೆ ಬಂದವಳು ಪಾತ್ರೆಗಳನ್ನು ಮುಟ್ಟದೆ ಹೊಸ್ತಿಲಲ್ಲಿ ಕೂತಳು. ಆಮೇಲೆ, "ಖರೇ ಹೇಳ. ಅವರ ಭಾಷಾದಾಗ ಸಾಲಿಡ್ ಅಂದ್ರ ಕೆಟ್ಟದ್ದ?" ಎಂದು ಕೇಳಿದಳು. ಗಟ್ಟಿ ಎಂದಷ್ಟೇ ಮಾವಶಿ, ಎಂದೆ. "ಮತ್ತ ಗಟ್ಟಿ ಇದ್ರ ಛಲೋ ಅಲ್ಲೇನ?" ಎಂದಳು. ಜೀವನವಿಡೀ ಗಟ್ಟಿಯಾಗಿರುವುದೇ ಒಳ್ಳೆಯದೆಂದು ಬದುಕಿದವಳು ಆಕೆ. ಸಾರು ಉಕ್ಕುತ್ತದೆ ಎಂದು ಒಳಗೆ ಎದ್ದುಹೋದೆ. ಒಲೆಯ ಮೇಲೆ ಏನೂ ಇರಲಿಲ್ಲ.

ಮುಂದಿನ ಬೇಸಿಗೆಯ ಹೊತ್ತಿಗೆ ಅಂಗಡಿಯ ಬಿದಿರು ಮಾತ್ರ ನಿಂತಿದ್ದವು. ಈಗ ಅಲ್ಲಿ ಮೊಬೈಲ್ ರಿಪೇರಿಯ ಡಬ್ಬಿ ಅಂಗಡಿ ಇದೆ. ಘನ, ದ್ರವ, ಅನಿಲದ ಪಾಠ ಬಂದಾಗ ನಾನು ಇಂಗ್ಲಿಷ್ ಹೆಸರುಗಳನ್ನು ಹಲಗೆಯ ಮೇಲೆ ಬರೆದು ಮಕ್ಕಳಿಂದಲೇ ಓದಿಸುತ್ತೇನೆ.

ಗಡಿಗೆಯವನ ಮೇಲೆ ರೇಗಿದ್ದಕ್ಕೆ ನನಗೇ ಕೆಡುಕೆನಿಸಿತು. ಅವನು ಇನ್ನೂ ಅದನ್ನು ಅಂಗೈ ಮೇಲೆ ಹಿಡಿದುಕೊಂಡೇ ಇದ್ದ. ಕೊಡು ಎಂದು ಕೈಚಾಚಿದೆ.

"ಸಾಲಿಡ್ ಅನಬ್ಯಾಡ ತಮ್ಮಾ, ಛಲೋ ಐತಿ ಅನ್ನು" ಎಂದೆ.

ಅವನು ಗಡಿಗೆಯನ್ನೊಮ್ಮೆ ನೋಡಿದ, ನನ್ನನ್ನೊಮ್ಮೆ ನೋಡಿದ.

"ಎರಡೂ ಒಂದ ಅಲ್ಲೇನ್ರಿ ಅಕ್ಕಾರ?"

ದುಡ್ಡು ಕೊಟ್ಟು ಗಡಿಗೆಯನ್ನು ಎದೆಗವಚಿಕೊಂಡು ರಿಕ್ಷಾ ಹತ್ತಿದೆ. ಮನೆಗೆ ಬಂದು ತೊಳೆದು ನೀರು ತುಂಬಿಟ್ಟಿದ್ದೇನೆ. ಇನ್ನೂ ಬಡಿದು ನೋಡಿಲ್ಲ.